ಹೊಳಬಸಪ್ಪನ ಬೇವು

ಹೊಳಬಸಪ್ಪ ಬದುಕಿದ್ದಷ್ಟು ದಿನ ಪುಣೆಯಲ್ಲಿ ಅವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸತ್ತು ಹತ್ತು ಹನ್ನೆರಡು ವರ್ಷವಾದ ಮೇಲೆ ತೆಗೆದುಕೊಂಡರು. ಅದೂ ಅವನ ಮೊಮ್ಮಗಳ ಕೈಗೇ ಟೇಪು ಕೊಟ್ಟು, ಬೇವಿನ ಮರವೆಂದು.

ಮೊಮ್ಮಗಳು ಸೋನಾಲಿ. ಬಿ.ಎಸ್ಸಿ. ಮುಗಿಸಿ ಮಗರಪಟ್ಟಾದ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು. ಹೇಳಿದ ಕಡೆ ಹೋಗಿ ಮರಗಳ ಸುತ್ತಳತೆ ಹಿಡಿದು ಮೊಬೈಲಿನಲ್ಲಿ ಹಾಕುವುದು ಅವಳ ಕೆಲಸ. ಇಟ್ಟಿಗೆ, ಸಿಮೆಂಟು ಮುಟ್ಟದೆ ಈ ಮನೆಗೆ ಸಂಬಳ ತಂದವಳು ಅವಳೇ ಮೊದಲು. ಅವಳು ಮನೆಗೆ ಬಂದರೆ ಗೌಂಡಿ ಕೆಲಸದ ಅಪ್ಪ ಕಾಶಪ್ಪ ಇದ್ದೊಂದು ಕುರ್ಚಿ ಬಿಟ್ಟು ಏಳುತ್ತಿದ್ದ, ಅವ್ವ ಶಿವಕಾಂತಾ ಚಹಾಕ್ಕೆ ಇಡುತ್ತಿದ್ದಳು. ಅಜ್ಜಿ ಅವ್ವಮ್ಮ ಮಾತ್ರ ಕೂತಲ್ಲಿಂದ ಅಲುಗುತ್ತಿರಲಿಲ್ಲ.

"ಗಿಡ ಅಳಿಯೋದಕ್ಕ ಪಗಾರ ಕೊಡ್ತಾರಂದ್ರ ಕೊಡೋರಿಗಿ ಏನೋ ಒಂದು ಲಾಭ ಇರ್ಬೇಕು ಬಿಡು," ಎನ್ನುತ್ತಿದ್ದಳು.

ಮನೆ ಅಂದರೆ ತಗಡಿನ ಎರಡು ಕೋಣೆ. ಹಡಪ್ಸರ್ ದಾಟಿ ಜೇಜುರಿಗೆ ಹೋಗುವ ರಸ್ತೆಯಲ್ಲಿ, ಗುಡ್ಡದ ಬುಡಕ್ಕೆ, ಅಫಜಲಪುರ ಆಳಂದದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ವಸ್ತಿ. ಎದುರಿಗೆ ಅವರೇ ಕಟ್ಟಿದ ಟೌನ್‌ಶಿಪ್ಪಿನ ಟವರುಗಳು. ಬೆನ್ನಿಗೆ ಗಾಯರಾನ, ಅಂದರೆ ದನ ಮೇಯಲೆಂದು ಸರ್ಕಾರ ಬಿಟ್ಟ ಜಾಗ. ದನಗಳು ಎಂದೋ ಹೋಗಿದ್ದವು. ಅದರ ಒಂದು ಮೂಲೆಯಲ್ಲಿ ವಸ್ತಿಯವರು ತಮ್ಮ ಸತ್ತವರನ್ನು ಇಡುತ್ತಿದ್ದರು. ಹಿಂದಿನ ಕಾಲದ ಪಾಟೀಲನೊಬ್ಬ ಬಾಯಿಮಾತಿನಲ್ಲಿ ಹೂಂ ಅಂದಿದ್ದ, ಅಷ್ಟೇ ಅವರ ಹಕ್ಕು.

ಇವರು ಸುಡುವವರಲ್ಲ. ಹೆಣಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟು, ಕುಣಿಯಲ್ಲಿ ಚಕ್ಕಳಮಕ್ಕಳ ಕೂರಿಸಿ ಮಣ್ಣು ಕೊಡುವವರು. ಅಪ್ಪ ಸತ್ತಾಗ ಕಾಶಪ್ಪ ಅದರ ಮೇಲೆ ತನ್ನ ಕೈಯಾರೆ ಒಂದು ಕಟ್ಟೆ ಕಟ್ಟಿದ್ದ. ಬೇರೆಯವರ ಮನೆಗೆ ಗಾರೆ ಹಾಕಿ ಹಾಕಿ ಪಳಗಿದ ಕೈ, ಅಪ್ಪನಿಗೆ ಕಡಿಮೆ ಮಾಡೀತೇ? ಅಂಚಿಗೆ ಬಳ್ಳಿ ಕೂಡ ತೀಡಿದ್ದ. ವರ್ಷ ತುಂಬುವುದರೊಳಗೆ ಜೆಸಿಬಿ ಬಂತು. ಸರ್ಕಾರಿ ಜಾಗದಲ್ಲಿ ಬಾಂಧಕಾಮ ಮಾಡಿದ್ದೀರಿ ಎಂದರು. ಬಾಂಧಕಾಮ ಎಂದರೆ ಕಟ್ಟಡ. ಅಲ್ಲಿದ್ದ ಕಟ್ಟೆಗಳನ್ನೆಲ್ಲ ಒಡೆದು ಹೋದರು. ಊರಿಗೆಲ್ಲ ಮನೆ ಕಟ್ಟಿಕೊಟ್ಟವರು ತಮ್ಮ ಸತ್ತವರ ಮೇಲೆ ಒಂದು ಇಟ್ಟಿಗೆ ಇಡುವ ಹಾಗಿರಲಿಲ್ಲ. ಆ ಮೇಲೆ ವಸ್ತಿಯವರು ಕಲ್ಲು ಕೂಡ ಇಡಲಿಲ್ಲ. ಒಬ್ಬೊಬ್ಬರ ಮೇಲೆ ಒಂದೊಂದು ಸಸಿ ಹಚ್ಚಿದರು. ಬೇವು, ಬಿಲ್ವ, ಹುಣಸೆ. ಸಸಿ ಒಡೆಯಲು ಜೆಸಿಬಿ ಬರುವುದಿಲ್ಲವಲ್ಲ ಎಂಬುದು ಅವರ ಜಾಣತನ.

ಮಾರ್ಚ್ ತಿಂಗಳ ಬಿಸಿಲಿನಲ್ಲಿ ಸರ್ಕಾರದ ಸರ್ವೆ ಸಾಹೇಬನೊಬ್ಬ ಜೀಪಿನಲ್ಲಿ ಬಂದ. ಜೊತೆಗೆ ಟೇಪು ಹಿಡಿದ ಸೋನಾಲಿ. ಅಂದು ಸ್ಲ್ಯಾಬಿನ ಕೆಲಸ ನಿಂತಿದ್ದರಿಂದ ಕಾಶಪ್ಪ ಮನೆಯಲ್ಲೇ ಇದ್ದ. ಮಗಳು ಸಾಹೇಬನ ಜೊತೆ ಬಂದದ್ದು ಕಂಡು ಹೆಮ್ಮೆಯಿಂದ ಎದ್ದು ಬಂದು ನಮಸ್ಕಾರ ಮಾಡಿದ.

ಸಾಹೇಬ ಮರಾಠಿಯಲ್ಲಿ ಕೇಳಿದ, ಈ ಜಾಗದಲ್ಲಿ ಬಾಂಧಕಾಮ ಏನಾದರೂ ಇದೆಯೇ.

ಆ ಮಾತು ಕಿವಿಗೆ ಬೀಳುತ್ತಲೇ ಕಾಶಪ್ಪನಿಗೆ ಜೆಸಿಬಿಯ ಸದ್ದು ಕೇಳಿಸಿತು. "ಕಾಹೀ ನಾಹೀ ಸಾಹೇಬ. ಏಕ ವೀಟ್ ಪಣ ನಾಹೀ," ಎಂದ. ಏನೂ ಇಲ್ಲ, ಒಂದು ಇಟ್ಟಿಗೆ ಕೂಡ ಇಲ್ಲ. ಎರಡು ಸಲ ಹೇಳಿದ. ಸಾಹೇಬ ತಲೆಯಾಡಿಸಿ ಮೊಬೈಲಿನಲ್ಲಿ ಏನೋ ಒತ್ತಿಕೊಂಡ. ಸೋನಾಲಿಯೂ ಬಾಯಿ ಬಿಡಲಿಲ್ಲ. ಅವಳೂ ಅದೇ ವಸ್ತಿಯಲ್ಲಿ ಬೆಳೆದವಳು. ಅಪ್ಪ ಸರಿಯಾಗಿ ಉತ್ತರ ಕೊಟ್ಟನೆಂದೇ ಅವಳಿಗೂ ಅನಿಸಿತು. ಆಮೇಲೆ ಅವಳು ಒಂದೊಂದೇ ಮರದ ಸುತ್ತ ಟೇಪು ಸುತ್ತಿ ಅಳತೆ ಹಾಕಿದಳು, ಅಜ್ಜನ ಬೇವಿನದೂ.

ರಾತ್ರಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಸೋನಾಲಿ ಉಣ್ಣುತ್ತ ಹೇಳಿದಳು, "ಮುತ್ಯಾನ ಗಿಡಕ್ಕ ನಂಬರ್ ಕೊಟ್ಟೀನಿ ಆಯಿ. ಇನ್ನ ಯಾರೂ ಅದಕ್ಕ ಕಡಿಯಂಗಿಲ್ಲ."

"ಯಾಕ ಅಳದ್ರು?" ಎಂದಳು ಅವ್ವಮ್ಮ.

"ಎದುರಿನ ಟೌನ್‌ಶಿಪ್ ನೆಟ್ ಝೀರೋ ಆಗ್ಬೇಕಂತ."

"ಹಂಗಂದ್ರ?"

"ಅವರ ಲೈಟು, ಏಸಿ, ಲಿಫ್ಟು, ಗಾಡಿ, ಎಲ್ಲಾದ್ರಿಂದ ಎಷ್ಟು ಹೊಗಿ ಆಗ್ತದೋ ಅಷ್ಟು ಹೊಗಿ ಎಲ್ಲಿಯಾರ ಗಿಡ ತಿನ್ಬೇಕು. ಕೂಡಿಸಿ ಕಳದ್ರ ಸೊನ್ನಿ ಬರ್ಬೇಕು. ಅವರ ಒಳಗ ಗಿಡ ಹಚ್ಲಕ್ಕ ಜಾಗ ಇಲ್ಲ. ಅದಕ್ಕ ಈ ಗಾಯರಾನ ಕಾಡು ಮಾಡ್ಲಕ್ಕ ಕೊಡ್ತಾರ."

"ಒಳಗಿನ ಜಾಗ ಎಲ್ಲಿ ಹೋಯ್ತು?"

"ಪಾರ್ಕಿಂಗ್ ಆಯ್ತು," ಎಂದ ಕಾಶಪ್ಪ. "ಕಾಂಕ್ರೀಟ್ ನಾನೇ ಹಾಕೀನಿ."

ಅವ್ವಮ್ಮ ತುತ್ತು ನುಂಗಿ ನೀರು ಕುಡಿದಳು. "ಹಂಗಾದ್ರ ನಿಮ್ಮ ಮುತ್ಯಾ ಈಗ ಅವರ ಏಸಿ ಹೊಗಿ ತಿನ್ಲಕತ್ತಾನ ಅನ್ನು. ಬದುಕಿದ್ದಾಗ ಅವರ ಸಿಮಿಂಟಿನ ಧೂಳ ತಿಂದ. ಕೆಮ್ಮಿ ಕೆಮ್ಮಿ ಸತ್ತ. ಸತ್ತ ಮ್ಯಾಲೂ ಅವಂಗ ಸೂಟಿ ಇಲ್ಲ."

"ಉಣ್ಣುವಾಗ ಸತ್ತೋರ ಮಾತು ಬ್ಯಾಡ್ರಿ ಅತ್ತಿ," ಎಂದು ಶಿವಕಾಂತಾ ಇನ್ನೊಂದು ರೊಟ್ಟಿ ಹಾಕಿದಳು.

ಶಿವಕಾಂತಾ ಆ ಟೌನ್‌ಶಿಪ್ಪಿನಲ್ಲೇ ನಾಲ್ಕು ಮನೆಗಳಿಗೆ ಚಪಾತಿ ಮಾಡುತ್ತಿದ್ದಳು. ಅದರಲ್ಲಿ ನೀತಾ ಮೇಡಂ ಅವರ ಮನೆ ಅವಳಿಗೆ ಇಷ್ಟ, ಯಾಕೆಂದರೆ ಅಲ್ಲಿ ಕನ್ನಡ ನಡೆಯುತ್ತಿತ್ತು. ವಿಜಯಪುರದ ಕಡೆಯವರು, ಹಾರ್ಡ್‌ವೇರ್ ವ್ಯಾಪಾರ ಮಾಡಿ ಮೇಲೆ ಬಂದವರು. ನೀತಾ ಮೇಡಂ ಟೌನ್‌ಶಿಪ್ಪಿನ ಹಸಿರು ಸಮಿತಿಯ ಅಧ್ಯಕ್ಷೆ. ಮನೆಯೊಳಗೆ ಪ್ಲಾಸ್ಟಿಕ್ ಬಿಡುತ್ತಿರಲಿಲ್ಲ, ಕಾಯಿಪಲ್ಯದ ಸಿಪ್ಪೆ ಗೊಬ್ಬರದ ಡಬ್ಬಿಗೇ ಹೋಗಬೇಕು. ಶಿವಕಾಂತಾ ನಲ್ಲಿ ಬಿಟ್ಟು ಪಾತ್ರೆ ತೊಳೆದರೆ ಗದರುತ್ತಿದ್ದರು, ದೀಪಾವಳಿಗೆ ಸೀರೆ ಕೊಡುತ್ತಿದ್ದರು. ಕೆಟ್ಟ ಹೆಂಗಸಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅವರು ಅಡುಗೆಮನೆಗೆ ಬಂದು ನಿಂತರು. "ಶಿವಕಾಂತಾ, ಮಳಿ ಬಿದ್ದ ಮ್ಯಾಲ ನಮ್ಮ ಸ್ಮೃತಿವನದ ಕಾರ್ಯಕ್ರಮ ಅದ. ಒಂದೊಂದು ಮನಿಯವ್ರು ತಮ್ಮ ಹಿರಿಯರ ಹೆಸರಿಲೆ ಒಂದೊಂದು ಗಿಡ ಹಚ್ಚೋದು. ಹಿತ್ತಾಳಿ ಪಟ್ಟಿ ಮ್ಯಾಲ ಹೆಸರು. ನಾವು ನಮ್ಮ ಮಾವನೋರ ಹೆಸರಿಲೆ ಹಚ್ಚೋರಿದ್ದೀವಿ. ಅವತ್ತ ಉಪ್ಪಿಟ್ಟು ನೀನೇ ಮಾಡ್ಬೇಕು. ಮಂದಿ ಭಾಳ ಬರ್ತಾರ."

"ಎಲ್ರಿ ಮೇಡಂ ಹಚ್ಚೋದು?"

"ನಿಮ್ಮ ವಸ್ತಿ ಹಿಂದ, ಆ ಖಾಲಿ ಜಾಗ ಅದಲ್ಲ, ಅಲ್ಲಿ."

ಶಿವಕಾಂತಾಳ ಲಟ್ಟಣಿಗೆ ನಿಂತಿತು. "ಅದು ಖಾಲಿ ಇಲ್ರಿ. ಅಲ್ಲಿ ನಮ್ಮ ಮಾವನೋರು ಅದಾರ."

"ಅಂದ್ರ?"

"ಅಲ್ಲೇ ಮಣ್ಣ ಮಾಡೀವ್ರಿ. ನಮ್ಮ ವಸ್ತಿಯವರೆಲ್ಲಾ ಅಲ್ಲೇ."

ನೀತಾ ಮೇಡಂ ಒಲೆಯ ಕಡೆ ನೋಡಿದರು. ಆಮೇಲೆ, "ಸರ್ವೆದಾಗ ಏನೂ ಇಲ್ಲ ಅಂತ ಬಂದದ. ನಿಮ್ಮ ಯಜಮಾನ್ರೇ ಹೇಳ್ಯಾರಂತ. ತವಾ ಕಾದದ ನೋಡು," ಎಂದು ಹೊರಗೆ ಹೋದರು.

ಆ ದಿನ ಶಿವಕಾಂತಾ ಮನೆಗೆ ಬಂದವಳು ಕೈಚೀಲ ಕೂಡ ಇಳಿಸಲಿಲ್ಲ. "ಏನೂ ಇಲ್ಲಂತ ನೀವೇ ಹೇಳೀರಂತ, ಖರೆ ಏನು?"

ಕಾಶಪ್ಪ ಕಾಲು ತೊಳೆಯುತ್ತಿದ್ದ. "ಬಾಂಧಕಾಮ ಅದ ಏನಂತ ಕೇಳ್ದ. ಇಲ್ಲಂದೆ."

"ಮಂದಿ ಅದಾರ ಅಂತ ಹೇಳ್ಲಕ್ಕ ಬಾಯಿ ಇರಲಿಲ್ಲೇನು?"

"ಏನರ ಅದ ಅಂದಿದ್ರ ಮತ್ತ ಜೆಸಿಬಿ ತರ್ತಿದ್ರು. ಅಪ್ಪನ ಕಟ್ಟಿ ಒಡದಾಗ ನೀ ನೋಡಿಲ್ಲೇನು? ನಾ ಬಳ್ಳಿ ತೀಡಿದ್ದೆ ಅದಕ್ಕ. ನನ್ನ ಕಣ್ಣ ಮುಂದ ಒಡದ್ರು."

"ಅದಕ್ಕ ಈಗ ಅಪ್ಪನೇ ಇಲ್ಲ ಅಂತ ಬರಸಿ ಬಂದ್ರಿ."

ಕಾಶಪ್ಪ ಚೊಂಬು ಎತ್ತಿ ಗೋಡೆಗೆ ಬೀಸಿದ. ತಗಡು ಢಣ್ ಎಂದಿತು. ಸೋನಾಲಿ ಒಳಗಿನಿಂದ ಬಂದು, "ನಾನೂ ಅಲ್ಲೇ ಇದ್ದೆ ಅವ್ವ. ನಾನೂ ಸುಮ್ನಿದ್ದೆ," ಎಂದಳು.

ಅವ್ವಮ್ಮ ಬಾಗಿಲಲ್ಲಿ ಕೂತು ಮೆಂತೆ ಸೋಸುತ್ತಿದ್ದಳು. "ಅವಂಗ ಬೈಬ್ಯಾಡ ಶಿವಕಾಂತಾ. ಬಾಯಿ ಮುಚ್ಚು ಅಂತ ಈ ಊರೇ ಅವಂಗ ಕಲಿಸ್ಯದ. ಕಲಿಸಿ ಈಗ ಯಾಕ ಮಾತಾಡಲಿಲ್ಲ ಅಂತ ಕೇಳ್ತದ." ಸೊಪ್ಪಿನ ಕಡ್ಡಿ ಮುರಿದು ಬದಿಗಿಟ್ಟು ಮಗನ ಕಡೆ ನೋಡಿದಳು. "ಆದ್ರ ನಾಳಿ ಹೋಗಿ ಹೇಳಿ ಬಾ. ನಿಮ್ಮಪ್ಪನ ಬಾಜೂಕ ನನ್ನ ಜಾಗ ಅದ. ಅವಂಗ ಮಣ್ಣ ಕೊಟ್ಟ ದಿನಾನೇ ನಾ ಹೇಳಿಟ್ಟೀನಿ. ಕಾಡ ಮಾಡೋರು ಮಾಡ್ಲಿ. ನನಗ ಅದೊಂದು ಜಾಗ ಬೇಕು."

ಮರುದಿನ ಕಾಶಪ್ಪ ಕೆಲಸ ಬಿಟ್ಟು, ಆಳುಗಳ ಮುಕಾದಮ ದತ್ತುವನ್ನು ಕರೆದುಕೊಂಡು ಸರ್ವೆ ಸಾಹೇಬನ ಆಫೀಸಿಗೆ ಹೋದ. ಸಾಹೇಬ ಸಿಗಲಿಲ್ಲ. ಮತ್ತೊಂದು ದಿನ ಹೋದರು, ಮಧ್ಯಾಹ್ನದವರೆಗೆ ಕೂರಿಸಿ ನಾಳೆ ಬರಲು ಹೇಳಿದರು. ಮೂರನೆಯ ಸಲ ಸಾಹೇಬ ಸಿಕ್ಕ. ಹೂಳಿದ ಗುರುತು ಏನಿದೆ ಎಂದು ಕೇಳಿದ. ಕಲ್ಲು ಇದೆಯೇ, ಕಟ್ಟೆ ಇದೆಯೇ?

"ಕಟ್ಟೆ ಇತ್ತು, ನೀವೇ ಒಡೆದಿರಿ," ಎಂದು ದತ್ತು ಮರಾಠಿಯಲ್ಲಿ ಹೇಳಿದ.

ಅದು ಬೇರೆ ಖಾತೆಯವರು ಒಡೆದದ್ದು, ನಮಗೆ ಸಂಬಂಧವಿಲ್ಲ ಎಂದ ಸಾಹೇಬ. ಗುರುತು ಇಲ್ಲವೆಂದರೆ ಜಾಗ ಖಾಲಿ. ಗಿಡ ಹಚ್ಚುವುದಕ್ಕೂ ತಕರಾರು ಮಾಡುತ್ತೀರಲ್ಲ, ನಿಮ್ಮಂಥ ಜನರಿಂದಲೇ ದೇಶ ಬಿಸಿಯಾಗುತ್ತಿದೆ ಎಂದು ನಕ್ಕ. ಅವನ ತಲೆಯ ಮೇಲೆ ಏಸಿ ಓಡುತ್ತಿತ್ತು. ಬಸ್ಸಿಗೆ ಕಾಯದೆ ಇಬ್ಬರೂ ಬಿಸಿಲಿನಲ್ಲಿ ನಡೆದು ಬಂದರು.

ಮೇ ತಿಂಗಳಲ್ಲಿ ಗಾಯರಾನಕ್ಕೆ ತಂತಿಬೇಲಿ ಬಂತು, ಗೇಟು ಬಂತು, ಬೀಗ ಬಂತು, ಕಾಯಲು ವಾಚ್‌ಮನ್ ಬಂದ. ಹಸಿರು ಬಣ್ಣದ ದೊಡ್ಡ ಬೋರ್ಡು ಬಂತು. ಅದೇ ವಾರ ಪಕ್ಕದ ಮನೆಯ ಪಾರವ್ವ ಸತ್ತಳು.

ಪಾರವ್ವ ಅವ್ವಮ್ಮನ ಓರಗೆಯವಳು, ಇಬ್ಬರೂ ಒಂದೇ ಲಾರಿಯಲ್ಲಿ ಪುಣೆಗೆ ಬಂದು ಒಂದೇ ಸೈಟಿನಲ್ಲಿ ಬುಟ್ಟಿ ಹೊತ್ತವರು. ಮೈ ತಣ್ಣಗಾಗುವ ಮೊದಲೇ ರೂಢಿಯಂತೆ ಅವಳನ್ನು ಗೋಡೆಗೆ ಒರಗಿಸಿ, ಕಾಲು ಮಡಚಿ ಕೂರಿಸಿ ಕಟ್ಟಿದರು. ಅವ್ವಮ್ಮನೇ ಹಣೆಗೆ ವಿಭೂತಿ ಹಚ್ಚಿದಳು. ಹೊತ್ತುಕೊಂಡು ಹೋದರೆ ಗೇಟಿಗೆ ಬೀಗ. ದತ್ತು ವಾಚ್‌ಮನ್‌ನ ಕಾಲು ಕೂಡ ಹಿಡಿದ. ಪಾರವ್ವನ ಮಗ ಸಿದ್ದಾರೂಢ ಬೇಲಿ ಅಲುಗಾಡಿಸಿದ. ವಾಚ್‌ಮನ್ ಫೋನು ಮಾಡಿದ, ಪೊಲೀಸರ ಗಾಡಿ ಬಂತು. ಬಿಸಿಲಿನಲ್ಲಿ ಹೆಣ ತಡೆಯುವುದಿಲ್ಲ. ಕೊನೆಗೆ ಟೆಂಪೋದಲ್ಲಿ ಹಾಕಿಕೊಂಡು ಸುಡುವ ಜಾಗಕ್ಕೆ ಹೋದರು.

ಅಲ್ಲಿನ ಗ್ಯಾಸಿನ ಒಲೆಯೊಳಗೆ ಹೆಣ ಮಲಗಿ ಹೋಗಬೇಕು. ಪಾರವ್ವ ಕೂತಿದ್ದಳು. ಮಡಚಿದ ಕಾಲು ಸೆಟೆದು ಹೋಗಿತ್ತು. ಅದನ್ನು ನೀಡಿಸಿದ್ದು ಹೇಗೆ ಎಂಬುದನ್ನು ಹೋದ ಗಂಡಸರು ಯಾರೂ ಮನೆಯಲ್ಲಿ ಹೇಳಲಿಲ್ಲ.

ಆ ಸಂಜೆ ಒಲೆ ಹಚ್ಚಿದರೂ ಯಾರಿಗೂ ಉಣ್ಣುವ ಮನಸ್ಸಿರಲಿಲ್ಲ. ಅವ್ವಮ್ಮ ತಟ್ಟೆ ಸರಿಸಿ ಕೇಳಿದಳು, "ಪಾರವ್ವನ ಕಾಲು ಹ್ಯಾಂಗ ನೀಡಿಸಿದ್ರೋ?"

ಕಾಶಪ್ಪ ನೆಲ ನೋಡಿದ.

"ಕೇಳ್ಲಕತ್ತೀನಿ. ಮುರದ್ರೇನು?"

"ಯವ್ವ, ಬಿಡು."

"ನನಗ ಹಂಗ ಮಾಡಬ್ಯಾಡ. ಮಾಡಂಗಿಲ್ಲ ಅನ್ನು."

 ಅಂಥ ಮಾತು ಕೊಡಲು ಕಾಶಪ್ಪನ ಕೈಯಲ್ಲಿ ಏನಿತ್ತು? ಮುದುಕಿ ಅವನ ಮುಖವನ್ನೇ ನೋಡುತ್ತ ಕೂತಳು. ಸೋನಾಲಿಗೆ ಸಿಟ್ಟು ನೆತ್ತಿಗೇರಿತ್ತು. "ಸುಟ್ರ ಗ್ಯಾಸ್ ಉರೀತದ, ಹೊಗಿ ಆಗ್ತದ. ಹೂಳಿ ಮ್ಯಾಲ ಗಿಡ ಹಚ್ಚಿದ್ರ ಏನೂ ಇಲ್ಲ. ಹೊಗಿ ಮಾಡದವರಿಗಿ ಸುಡು ಅಂತಾರ. ಇದ್ಯಾವ ಲೆಕ್ಕ?"

"ನನ್ನ ಮುಂದ ಹೇಳಿ ಏನ್ ಮಾಡ್ತಿ? ನಿನ್ನ ಆಫೀಸ್ದಾಗ ಹೇಳು," ಎಂದಳು ಅವ್ವಮ್ಮ.

ಅವಳು ಹೇಳಿದಳು. ಅವಳ ಮೇಲಿನವನು ಬೆಂಗಳೂರಿನ ಕಾರ್ತಿಕ. ಒಳ್ಳೆಯ ಮಾತಿನ ಹುಡುಗ. ಪೂರ್ತಿ ಕೇಳಿಸಿಕೊಂಡ. "ಸೋನಾಲಿ, ತುಂಬಾ ಬೇಜಾರಿನ ವಿಷಯ. ಆದ್ರೆ ಅದು ನಮ್ಮ ಸ್ಕೋಪ್‌ನಲ್ಲಿ ಬರಲ್ಲ. ನಾವು ಮರ ಎಣಿಸ್ತೀವಿ ಅಷ್ಟೆ. ಬೌಂಡರಿ ಫೈನಲ್ ಆಗಿದೆ. ನೀವು ಪರ್ಸನಲ್ ಆಗಿ ತಗೋಬೇಡಿ."

"ಅಲ್ಲಿರೋನು ನಮ್ಮ ಅಜ್ಜ ಸರ್. ಪರ್ಸನಲ್ ಅಲ್ದೆ ಮತ್ತೇನು?"

ಅಂದಿನಿಂದ ಅವಳನ್ನು ಆ ಕಡೆಯ ಕೆಲಸಕ್ಕೆ ಕಳಿಸಲಿಲ್ಲ. ಲೋಣಾವಳಾದ ಒಂದು ಹೋಟೆಲಿನ ಮರ ಎಣಿಸಲು ಹಾಕಿದರು. ಅಜ್ಜನ ಬೇವು ಮಾತ್ರ ಲೆಕ್ಕದಲ್ಲಿ ಹಾಗೆಯೇ ಉಳಿಯಿತು, ಟೌನ್‌ಶಿಪ್ಪಿನವರ ಹೊಗೆಗೆ ಎದುರಾಗಿ.

ಜೂನ್ ಹತ್ತಿರ ಬಂದಂತೆ ಗಾಯರಾನದ ತುಂಬ ಸುಣ್ಣದ ಚುಕ್ಕೆ ಬಿದ್ದವು. ಚುಕ್ಕೆಗೊಂದು ಕುಣಿ ತೋಡಬೇಕು. ಗುತ್ತಿಗೆದಾರ ವಸ್ತಿಗೇ ಬಂದು ಆಳು ಕೇಳಿದ. ಕಾಶಪ್ಪ ಒಪ್ಪಿಕೊಂಡ ಎಂದು ತಿಳಿದಾಗ ಶಿವಕಾಂತಾ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ನಾಚಿಕಿ ಬರಂಗಿಲ್ಲೇನು ನಿಮಗ? ಅದೂ ನೀವೇ ಅಗೀಬೇಕಾ?"

"ಬ್ಯಾರೆಯವ್ರು ಅಗದ್ರ ಎಲುಬು ಹೊರಗ ಬರ್ತಾವ. ಎಲ್ಲೆಲ್ಲಿ ಯಾರ್ಯಾರು ಕುಂತಾರ ಅಂತ ನನಗ ಗೊತ್ತದ. ಚುಕ್ಕಿ ಸ್ವಲ್ಪ ಆ ಕಡಿ ಈ ಕಡಿ ಸರಿಸ್ತೀನಿ. ಅಷ್ಟಾದ್ರೂ ಮಾಡ್ಲಿ ಬಿಡು ನನಗ."

ಅವಳು ಹೋಗಿ ಮತ್ತೆ ಹಿಟ್ಟು ನಾದಿದಳು. ಕಾಶಪ್ಪ ಒಂದು ವಾರ ಅಗೆದ. ಯಾರಿಗೂ ಗುದ್ದಲಿ ತಾಗದಂತೆ ಚುಕ್ಕೆ ಸರಿಸುತ್ತ ಹೋದ. ಬೇವಿನ ಪಕ್ಕದ ಚುಕ್ಕೆಗೆ ಬಂದಾಗ ಮಾತ್ರ ಸರಿಸಲು ಕಾರಣ ಸಿಗಲಿಲ್ಲ. ಅಲ್ಲಿ ಕೆಳಗೆ ಯಾರೂ ಇರಲಿಲ್ಲ. ಅದು ಅವ್ವನ ಜಾಗ. ಸೂಪರ್‌ವೈಸರ್ ತಲೆಯ ಮೇಲೆ ನಿಂತು, ಇದು ಅಧ್ಯಕ್ಷೆ ಮೇಡಂ ಅವರ ಕುಣಿ, ನೆರಳಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಅಗಲವಾಗಿ ತೋಡು ಎಂದ.

ಸಂಜೆ ಕೈ ತೊಳೆಯುವಾಗ ಅವ್ವಮ್ಮ ಕೇಳಿದಳು, "ನನ್ನ ಜಾಗದಾಗೂ ಅಗದಿ ಏನು?"

"ಹೂಂ, ಯವ್ವ."

"ಎಷ್ಟ ಆಳ?"

"ಟೊಂಕದ ತನಕ."

"ಅಗಲ?"

"ಅಗಲ ಅದ."

ಅವ್ವಮ್ಮ ಬೈಯಲಿಲ್ಲ, ಅಳಲಿಲ್ಲ. ಪಾರವ್ವ ಹೋದಾಗಿನಿಂದ ಅರ್ಧ ರೊಟ್ಟಿಗೆ ಏಳುತ್ತಿದ್ದವಳು ಅಂದು ಎರಡು ರೊಟ್ಟಿ ತಿಂದು, ಮೇಲೆ ಮಜ್ಜಿಗೆ ಕೇಳಿ ಕುಡಿದಳು. ಶಿವಕಾಂತಾ ಗಂಡನ ಮುಖ ನೋಡಿದಳು.

ಎರಡು ಮಳೆ ಬಿದ್ದ ಮೇಲೆ ಒಂದು ಭಾನುವಾರ ಕಾರ್ಯಕ್ರಮ ಇಟ್ಟರು. ಶಾಮಿಯಾನಾ, ಧ್ವನಿವರ್ಧಕ, ಸಾಲಾಗಿ ಇಟ್ಟ ಸಸಿಗಳು. ಒಂದೊಂದಕ್ಕೂ ಫಳಫಳ ಹೊಳೆಯುವ ಹಿತ್ತಾಳೆ ಪಟ್ಟಿ, ಅದರ ಮೇಲೆ ಟವರಿನ ಮಂದಿಯ ತೀರಿಹೋದ ಹಿರಿಯರ ಹೆಸರು. ಶಿವಕಾಂತಾ ಬೆಳಿಗ್ಗೆಯೇ ಹೋಗಿ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕಿದ್ದಳು. ಕಾಶಪ್ಪ ನೀರು ಹಾಕಲು ಬಂದಿದ್ದ. ಸರ್ವೆ ಸಾಹೇಬನೂ ಶಾಲು ಹೊದಿಸಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಸಾಮಾನ್ಯ ಜನ ಸತ್ತ ಮೇಲೂ ಹೆಸರಿಲ್ಲದೆ ಕೆಳಗಿದ್ದರು, ಮೇಲೆ ಹೆಸರುಗಳ ಜಾತ್ರೆ ನಡೆದಿತ್ತು.

ಅವ್ವಮ್ಮ ತೊಳೆದಿಟ್ಟ ಇಳಕಲ್ ಸೀರೆ ಉಟ್ಟು, ಹಣೆಗೆ ಅಗಲ ವಿಭೂತಿ ಹಚ್ಚಿಕೊಂಡು, ಕೋಲು ಊರುತ್ತ ಬಂದಳು. ಉಪ್ಪಿಟ್ಟಿಗೆ ಬಂದಿರಬೇಕೆಂದು ವಾಚ್‌ಮನ್ ಬಿಟ್ಟ. ಭಾಷಣ ಕೇಳುತ್ತಿದ್ದವರು ಯಾರೂ ಅವಳನ್ನು ನೋಡಲಿಲ್ಲ. ಬೇವಿನ ಹತ್ತಿರ ಹೋಗಿ ಕೋಲು ಬದಿಗಿಟ್ಟು, ಕುಣಿಯ ಅಂಚಿಗೆ ಕೂತು, ಮೆಲ್ಲಗೆ ಒಳಗೆ ಜಾರಿದಳು. ಸೆರಗು ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ಎಡಗೈಯನ್ನು ಅಂಗಾತ ತೊಡೆಯ ಮೇಲಿಟ್ಟುಕೊಂಡಳು.

ಸಸಿ ಹಿಡಿದು, ಫೋಟೋದವನನ್ನು ಕರೆದುಕೊಂಡು ಮೊದಲು ಬಂದವರು ನೀತಾ ಮೇಡಂ. ಕುಣಿಯೊಳಗೆ ನೋಡಿ ಅಲ್ಲೇ ನಿಂತುಬಿಟ್ಟರು.

"ಅಜ್ಜಿ, ಇದೇನ್ರಿ? ಮ್ಯಾಲ ಬರ್ರಿ. ಏನಿದ್ರೂ ಮಾತಾಡೋಣು."

ಅವ್ವಮ್ಮ ಹಿತ್ತಾಳೆ ಪಟ್ಟಿಯ ಕಡೆ ನೋಡಿದಳು. "ಯಾರ ಹೆಸರ್ರಿ ಅದು?"

"ನಮ್ಮ ಮಾವನೋರದು. ಸಿದ್ರಾಮಪ್ಪ ಅಂತ."

"ಅವರಿಗಿ ಸುಟ್ರೇನ್ರಿ?"

"ಇಲ್ರಿ." ನೀತಾ ಮೇಡಂ ಆಚೀಚೆ ನೋಡಿದರು. "ನಮ್ಮಲ್ಲಿ ಸುಡಂಗಿಲ್ಲ."

"ಎಲ್ಲಿ ಕುಂಡ್ರಿಸೀರಿ?"

"ಊರಾಗ. ನಮ್ಮ ಹೊಲದಾಗ."

"ಕಟ್ಟಿ ಕಟ್ಟೀರೇನ್ರಿ ಅದಕ್ಕ?"

"ಹೂಂ ರೀ. ಕಟ್ಟೀವಿ."

"ಹಂಗಾದ್ರ ಅವರಿಗಿ ಜಾಗ ಅದ ಬಿಡ್ರಿ," ಎಂದಳು ಅವ್ವಮ್ಮ. "ನನಗ ಇಷ್ಟೇ ಅದ. ಗಿಡ ಹಚ್ಚೋದಿದ್ರ ನನ್ನ ಮ್ಯಾಲ ಹಚ್ರಿ. ನಾ ಅಲುಗಂಗಿಲ್ಲ. ಮಣ್ಣ ಹಾಕ್ರಿ."

ಧ್ವನಿವರ್ಧಕ ನಿಂತಿತು. ಜನ ಸುತ್ತ ಸೇರಿದರು. ಸರ್ವೆ ಸಾಹೇಬ ಶಾಲು ಕೆಳಗೆಸೆದು ಬಂದು, ಮೇಲೆತ್ತು ಅವಳನ್ನು ಎಂದು ಕಾಶಪ್ಪನಿಗೆ ಕೂಗಿದ. ಇಲ್ಲಿ ಏನೂ ಇಲ್ಲವೆಂದು ನೀನೇ ಹೇಳಿದ್ದೆಯಲ್ಲ, ಈಗ ಇದೇನು ನಾಟಕ?

ಕಾಶಪ್ಪ ನೀರಿನ ಪೈಪು ಕೆಳಗಿಟ್ಟ. ಒಂದು ಗಳಿಗೆ ಕುಣಿಯೊಳಗಿನ ಅವ್ವನನ್ನು ನೋಡಿದ. ಅವಳು ಅವನ ಕಡೆ ನೋಡುತ್ತಿರಲಿಲ್ಲ.

"ನೀವು ಬಾಂಧಕಾಮ ಕೇಳಿದ್ರಿ ಸಾಹೇಬ್ರ. ಮಂದಿ ಅದಾರ ಏನಂತ ಕೇಳಲಿಲ್ಲ," ಎಂದ. ಕನ್ನಡದಲ್ಲೇ ಹೇಳಿದ, ಮರಾಠಿ ಮರೆತವನಂತೆ. "ಅದಾರ್ರಿ. ಈ ಬೇವಿನ ಕೆಳಗ ನಮ್ಮಪ್ಪ ಹೊಳಬಸಪ್ಪ ಅದಾನ."

ಅದನ್ನು ಯಾರೋ ಗಟ್ಟಿಯಾಗಿ ಮರಾಠಿಯಲ್ಲಿ ಹೇಳಿದರು. ಕಾಶಪ್ಪ ತಿರುಗಿ ನೋಡಿದ. ಬರಬೇಡವೆಂದು ಆಫೀಸಿನವರು ಹೇಳಿದ್ದರೂ ಸೋನಾಲಿ ಬಂದು ಗೇಟಿನೊಳಗೆ ನಿಂತಿದ್ದಳು.

"ಆ ಬಿಲ್ವದ ಕೆಳಗ ದತ್ತುನ ಅವ್ವ. ಆ ಹುಣಸಿ ಕೆಳಗ ಪಾರವ್ವನ ಗಂಡ. ಆ ಸಣ್ಣ ಬೇವಿನ ಕೆಳಗ ಎರಡು ಕೂಸು, ನಿಮ್ಮ ಸಿ ಟವರಿನ ಲಿಫ್ಟಿನ ಕುಣಿದಾಗ ಬಿದ್ದು ಸತ್ತಾವ." ಅಪ್ಪ ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಮಗಳು ಮರಾಠಿಯಲ್ಲಿ ಹೇಳುತ್ತ ಹೋದಳು. ಬೇಲಿಯಾಚೆ ನಿಂತಿದ್ದ ವಸ್ತಿಯವರು ಒಬ್ಬೊಬ್ಬರಾಗಿ ಒಳಗೆ ಬಂದು ತಮ್ಮ ತಮ್ಮ ಮರದ ಹತ್ತಿರ ನಿಂತರು. ವಾಚ್‌ಮನ್ ತಡೆಯಲಿಲ್ಲ. ಸಸಿ ಹಿಡಿದ ಒಬ್ಬ ಹೆಂಗಸು ತಾನು ನಿಂತ ನೆಲ ನೋಡಿ ಹಿಂದೆ ಸರಿದಳು. ಅಲ್ಲೂ ಒಂದು ಮರವಿತ್ತು. ಎಲ್ಲಿ ಕಾಲಿಡಬೇಕೆಂದು ತಿಳಿಯದೆ ಸಸಿಯನ್ನು ಎದೆಗೆ ಹಿಡಿದುಕೊಂಡು ಅಲ್ಲೇ ನಿಂತಳು.

ಮಳೆ ಹನಿಯತೊಡಗಿತು. ಮಳೆಯ ಕಾರಣದಿಂದ ಕಾರ್ಯಕ್ರಮ ಮುಂದೂಡಲಾಗಿದೆ ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಅಷ್ಟು ಜನರ ಮುಂದೆಯೂ ನಿಜ ಹೇಳುವ ಧೈರ್ಯ ಅವರಿಗೆ ಬರಲಿಲ್ಲ. ಮತ್ತೊಮ್ಮೆ ಸರ್ವೆ ಮಾಡಿಸುತ್ತೇವೆ ಎಂದು ಗೊಣಗಿ ಸಾಹೇಬ ಜೀಪು ಹತ್ತಿದ. ಸೋನಾಲಿಯ ಮೊಬೈಲಿಗೆ, ಸೋಮವಾರ ಆಫೀಸಿಗೆ ಬರಬೇಕಾಗಿಲ್ಲ ಎಂಬ ಕಾರ್ತಿಕನ ಸಂದೇಶ ಅಲ್ಲಿಯೇ ಬಂತು. ಅವಳು ಓದಿ ಜೇಬಿಗೆ ಹಾಕಿಕೊಂಡಳು.

ನೀತಾ ಮೇಡಂ ಸಸಿಯನ್ನು ಅಲ್ಲೇ ಇಟ್ಟು ಹಿತ್ತಾಳೆ ಪಟ್ಟಿ ಮಾತ್ರ ಬಿಚ್ಚಿಕೊಂಡರು. ಹೋಗುವಾಗ ಉಪ್ಪಿಟ್ಟಿನ ಪಾತ್ರೆಯ ಹತ್ತಿರ ನಿಂತು, "ನೀ ಮೊದಲೇ ಹೇಳಬೇಕಿತ್ತು ಶಿವಕಾಂತಾ," ಎಂದರು.

"ಹೇಳಿದ್ದೆನ್ರಿ ಮೇಡಂ," ಎಂದಳು ಶಿವಕಾಂತಾ. "ನೀವು ತವಾ ಕಾದದ ಅಂದ್ರಿ."

ಎಲ್ಲರೂ ಹೋದ ಮೇಲೆ ಕಾಶಪ್ಪ ಕುಣಿಗೆ ಇಳಿದು ಅವ್ವನನ್ನು ಎತ್ತಿದ. ಕಾಲು ಮರಗಟ್ಟಿ ಅವಳಿಗೆ ನಿಲ್ಲಲಾಗಲಿಲ್ಲ. ಸೋನಾಲಿ, ಶಿವಕಾಂತಾ ಮೇಲಿನಿಂದ ಹಿಡಿದುಕೊಂಡು ಬೇವಿಗೆ ಒರಗಿಸಿ ಕೂರಿಸಿದರು. ಒಂದು ತಟ್ಟೆ ಉಪ್ಪಿಟ್ಟು ಕೈಗೆ ಕೊಟ್ಟರು. ಕಾಶಪ್ಪ ಕಣ್ಣು ಒರೆಸಿಕೊಂಡು ಸಲಿಕೆ ಎತ್ತಿ ಕುಣಿಗೆ ಮಣ್ಣು ಎಳೆಯಲು ಹೋದ.

"ಮುಚ್ಚಬ್ಯಾಡ," ಎಂದಳು ಅವ್ವಮ್ಮ ಉಪ್ಪಿಟ್ಟು ತಿನ್ನುತ್ತ. "ಅವರು ಮತ್ತ ಬರ್ತಾರ. ಅವರು ಬರೋದ್ರಾಗ ನಾ ಸತ್ರ ಇದರಾಗೇ ಕುಂಡ್ರಿಸು. ಅಳತಿ ಸರಿ ಅದ, ನೋಡೀನಿ."